ಗಾಡಿಗಿ ಅಂಜದ ಚಿಗರಿ

ನಮ್ಮಪ್ಪ ಬಂದೂಕ ಹಿಡಿಯೋ ಮನಷ್ಯಾ ಅಂದ್ರ ಸೊಲ್ಲಾಪುರದ ನಮ್ಮ ಓಣ್ಯಾಗ ಯಾರೂ ನಂಬತಿದ್ದಿಲ್ಲ. ಚಾದರ, ಟಾವೆಲ್ ಮಾರೋ ಅಂಗಡಿ ಅವಂದು. ಗಾದಿ ಮ್ಯಾಲ ಕುಂತು, ಬಂದ ಗಿರಾಕಿಗಿ ನಕ್ಕೋತ ಚಾ ತರಸೋ ಮನಷ್ಯಾ. ಮನ್ಯಾಗ ತತ್ತಿ ಸುದ್ದಾ ತರತಿದ್ದಿಲ್ಲ. ಆದ್ರ ವರ್ಷಕ್ಕೊಮ್ಮೆ ವಾಗದರಿ ಕಡೆ ನಮ್ಮ ಹೊಲಕ್ಕ ಹೋಗಿ ಒಂದು ಚಿಗರಿ ಹೊಡದು ಬರತಿದ್ದ. ಒಂದೇ ಒಂದು. ಮಾಂಸ ಊರವರಿಗಿ, ಕೋಡು ನಮ್ಮ ಮಾಳಿಗಿ ಮ್ಯಾಲಿನ ಗ್ವಾಡಿಗಿ. ಅವ್ವ ಅವನ್ನ ಹಿತ್ತಲ ಬಾಗಲದಾಗೇ ನಿಂದ್ರಿಸಿ, ತಲಿ ಮ್ಯಾಲ ಎರಡು ಕೊಡ ನೀರ ಸುರದು ಆಮ್ಯಾಲ ಒಳಗ ಬಿಡತಿದ್ದಳು. "ಹುಲ್ಲು ತಿನ್ನೋರ ಮನ್ಯಾಗ ಹುಲಿ ಹುಟ್ಯಾದ ನೋಡವ್ವಾ" ಅಂತ ಬೈಯೋದು ಬ್ಯಾರೆ.

ಚಿಗರಿ ಅಂದ್ರ ಕೃಷ್ಣಮೃಗ. ಮರಾಠಿಯವರು ಕಾಳವೀಟ ಅಂತಾರ. ಗಂಡು ವಯಸ್ಸಿಗಿ ಬಂದಂಗ ಅದರ ಬೆನ್ನು ಕರ್ರಗ ಆಗತದ, ಕೋಡು ಸುತ್ತು ಹಾಕ್ಕೋತ ಮ್ಯಾಲ ಹೋಗತಾವ. ನಮ್ಮ ಹೊಲದ ಆಚಿ ಕಡೆ ಅಪ್ಪ ಒಂದು ದೊಡ್ಡ ಕುರಣ ಇಟ್ಟಿದ್ದ. ಉಳಲಾರದ, ಬಿತ್ತಲಾರದ, ಬರೇ ಹುಲ್ಲಿಗಿ ಅಂತ ಬಿಟ್ಟ ನೆಲ. ಆ ಹುಲ್ಲಿನಾಗ ಇಪ್ಪತ್ತು ಮೂವತ್ತು ಚಿಗರಿ ಯಾವಾಗ್ಲೂ ಇರತಿದ್ವು.

ಶಿಕಾರಿ ವಿಷಯದಾಗ ಅಪ್ಪನ ಕಟ್ಟುನಿಟ್ಟು ಅವ್ವನ ಮಡಿಗಿಂತ ಒಂದು ಕೈ ಮ್ಯಾಲ. ಹೆಣ್ಣಿಗಿ ಗುಂಡಿಲ್ಲ. ನೀರಿಗಿ ಬಂದದ್ದಕ್ಕ ಗುಂಡಿಲ್ಲ. ಓಡೋದಕ್ಕ ಅಂತೂ ಇಲ್ಲವೇ ಇಲ್ಲ, ಗಾಯ ಆಗಿ ಎಲ್ಲೋ ಬಿದ್ದು ಸಾಯತದ ಅಂತ. ಕೋಡು ಚಂದ ಅದ ಅಂತ ಹಿಂಡಿನ ಯಜಮಾನನ್ನ ಹೊಡಿಯೋರನ್ನ ಕಂಡ್ರ ಉರದು ಬೀಳತಿದ್ದ. "ಚಲೋ ಕೋಡಿನವನ್ನ ವರ್ಷಾ ವರ್ಷಾ ಆರಿಸಿ ಹೊಡದ್ರ ಕಡೀಕ ಉಳಿಯೋದು ಏನು? ಬಿತ್ತಾಕ ಇಟ್ಟ ಜ್ವಾಳ ಬೀಸಿ ರೊಟ್ಟಿ ತಿಂದಂಗ ಅದು" ಅಂತಿದ್ದ. ಹರೇದ ಗಂಡಿನ ಕೂಡ ಕಾದಾಡಿ ಸೋತು, ಹಿಂಡು ಬಿಟ್ಟು, ಒಂದೇ ತಿರಗೋ ಮುದಿ ಚಿಗರಿ ಇರತದಲ್ಲ, ಅದನ್ನ ಹುಡುಕಿ ಹೊಡಿಬೇಕು. ಅದೂ ಒಂದೇ ಗುಂಡಿಗಿ.

ಎಲ್ಲಕ್ಕಿಂತ ಮ್ಯಾಲಿನ ಮಾತು ಗಾಡಿದು. ಚಿಗರಿ ಮನಷ್ಯಾಗ ಅಂಜತದ, ಜೀಪಿಗಿ ಅಂಜತದ. ಎತ್ತಿನ ಗಾಡಿಗಿ ಅಷ್ಟು ಅಂಜಂಗಿಲ್ಲ, ದಿನಾ ಹೊಲದಾಗ ನೋಡಿರತದಲ್ಲ. ಅದಕ್ಕ ಕೆಲವು ಶಾಣ್ಯಾ ಶಿಕಾರಿಯವರು ಗಾಡಿ ಮರಿಗಿ ನಡಕೋತ ಹೋಗಿ ಹತ್ತರಿಂದ ಹೊಡಿತಿದ್ರು. ಅಪ್ಪ ಅದಕ್ಕ ಹಲ್ಕಟ್ ಕೆಲಸ ಅಂತಿದ್ದ. "ಅದು ಗಾಡಿ ನಂಬಿ ನಿಂತಿರತದ ಯವ್ವಾ. ನಂಬಿ ನಿಂತದ್ದಕ್ಕ ಗುಂಡು ಹಾಕೋದಂದ್ರ ಊಟಕ್ಕ ಕರದು ವಿಷ ಇಟ್ಟಂಗ." ಈ ಮಾತೆಲ್ಲಾ ನನಗ ಬಾಯಿಪಾಠ. ಹದಿನೇಳರ ಮಗ್ಗಿ ತಪ್ಪತಿದ್ದೆ, ಇವು ತಪ್ಪತಿದ್ದಿಲ್ಲ.

ನನಗ ಅಣ್ಣಾ ತಮ್ಮಾ ಯಾರೂ ಇಲ್ಲ. ಅದಕ್ಕ ಅಪ್ಪ ಹೊಲಕ್ಕ ನನ್ನೇ ಕರಕೊಂಡು ಹೋಗತಿದ್ದ. ಎಪ್ಪತ್ತರ ಆಚಿ ಈಚಿನ ಮಾತು ಇದು. ನಾ ಕಾಲೇಜಿಗಿ ಹೋಗೋ ಹೊತ್ತಿಗಿ ಸರಕಾರದ ಕಾಯದೆ ಬಂತು, ಚಿಗರಿ ಹೊಡಿಯೋದು ಬಂದ್ ಆತು. ಅಪ್ಪ ಒಂದು ಮಾತು ಆಡಲಿಲ್ಲ. ಬಂದೂಕಕ್ಕ ಎಣ್ಣಿ ಹಚ್ಚಿ, ಹಳಿ ಚಾದರದಾಗ ಸುತ್ತಿ ಮಾಳಿಗಿ ಮ್ಯಾಲ ಇಟ್ಟ. "ಇನ್ನ ಬರೇ ಎಣಿಸೋದು. ಆ ಕೆಲಸ ನಿಂದು" ಅಂತ ನನಗ ಒಂದು ವಹಿ ಕೊಟ್ಟ. ಹೆಣ್ಣೆಷ್ಟು, ಮರಿಯೆಷ್ಟು, ಕರಿ ಗಂಡೆಷ್ಟು ಅಂತ ಬರಿಯೋದು. ಆ ದಿನ ನಮ್ಮಪ್ಪನಂಥಾ ದೊಡ್ಡ ಮನಷ್ಯಾ ಜಿಲ್ಲಾದಾಗ ಇಲ್ಲ ಅನಸಿತ್ತು.

ಶನಿವಾರ ಮಧ್ಯಾಹ್ನ ಎಸ್ಟಿ ಹಿಡದು ಅಕ್ಕಲಕೋಟಕ್ಕ ಬಂದು, ಅಲ್ಲಿಂದ ಇನ್ನೊಂದು ಬಸ್ಸಿಗಿ ವಾಗದರಿ ಕಡೆ ಹೋಗತಿದ್ವಿ. ಊರ ಹಾದಿ ಒಡಿಯೋ ಫಾಟಾದಾಗ ಕಾಕಾ ಗಾಡಿ ಕಟ್ಟಿಕೊಂಡು ನಿಂತಿರತಿದ್ದ. ಕಾಕಾ ಅಂದ್ರ ನಮ್ಮಪ್ಪನ ತಮ್ಮ ಅಲ್ಲ, ನಮ್ಮ ಕುರಣ ಕಾಯೋ ಮನಷ್ಯಾ. ನಾ ಸಣ್ಣಾಕಿ ಇದ್ದಾಗಿಂದ ಕಾಕಾ ಅಂತಿದ್ದೆ, ಅಂವ ನನಗ ಅಕ್ಕಾರ ಅಂತಿದ್ದ. ನಮ್ಮ ಕೂಡ ಕನ್ನಡ ಮಾತಾಡತಿದ್ದ, ಎತ್ತಿನ ಕೂಡ ಮರಾಠಿ. ಯಾಕಂತ ಕೇಳಿದ್ರ "ಇವು ಪಂಢರಪುರದ ಸಂತ್ಯಾಗ ತಂದ ಎತ್ತು ಅವರಿ, ಕನ್ನಡ ತಿಳಿಯಂಗಿಲ್ಲ" ಅನ್ನೋದು. ಸುತ್ತಲ ಹೊಲದವರು ನಿಮ್ಮ ಚಿಗರಿ ನಮ್ಮ ಕಡ್ಲಿ ತಿಂದ್ವು ಅಂತ ಜಗಳಾ ತಂದ್ರ ಅಂವನೇ ಹೋಗಿ ಕೈಕಾಲು ಹಿಡದು ಸಮಾಧಾನ ಮಾಡಿ ಬರತಿದ್ದ. ಒಂದು ಚಿಗರಿನೂ ಯಾರ ಕಲ್ಲಿಗೂ ಬಲಿಗೂ ಬೀಳಗೊಟ್ಟವ ಅಲ್ಲ.

ಎಣಿಸಬೇಕಂದ್ರ ಹತ್ತರ ಹೋಗಬೇಕು. ನಡಕೋತ ಹೋದ್ರ ಓಡತಾವ. ಆವಾಗ ಒಂದು ಶಾಣ್ಯಾತನ ಮಾಡಿದಾಕಿ ನಾನೇ. "ಕಾಕಾ, ದಿನಾ ಸಂಜಿಮುಂದ ಖಾಲಿ ಗಾಡಿ ಕುರಣದಾಗ ಒಂದು ಸುತ್ತು ಹೊಡೀರಿ. ನಿಂದ್ರಬ್ಯಾಡ್ರಿ, ಒದರಬ್ಯಾಡ್ರಿ. ಬರೇ ಹೋಗಿ ಬರ್ರಿ" ಅಂದೆ. ಕಾಕಾ ನಕ್ಕ. "ಖಾಲಿ ಗಾಡಿ ಹೊಡಿಯೋನ್ನ ನೋಡಿ ಊರಾಗ ಇಂವಗ ಹುಚ್ಚ ಹಿಡದದ ಅಂತಾರ್ರಿ" ಅಂದ. ಆದ್ರೂ ಹೊಡದ. ಕುರಣದಾಗ ಗಾಡಿ ಬಂದದ್ದು ಅವು ನೋಡಿದ್ದಿಲ್ಲ, ಮೊದಲ ತಿಂಗಳು ದೂರದಿಂದ್ಲೇ ಓಡಿ ಹೋಗತಿದ್ವು. ಆಮ್ಯಾಲ ಮಾರಿ ಎತ್ತಿ ನೋಡಿ ಸುಮ್ಮನ ನಿಂತ್ವು. ವರ್ಷ ತುಂಬೋದರಾಗ ನಲವತ್ತು ಹೆಜ್ಜಿ ಹತ್ತರ ಹೋದ್ರೂ ಮೇಯೋದು ಬಿಡತಿದ್ದಿಲ್ಲ. ನಾ ಗಾಡ್ಯಾಗ ಕುಂತು ಬೆರಳು ಮಾಡಿ ಎಣಿಸಿದ್ರೂ ಕಿವಿ ಒಮ್ಮೆ ಬಡದು ಮತ್ತ ಹುಲ್ಲಿಗಿ ಬಾಯಿ ಹಾಕತಿದ್ವು. ನಂಗಂತೂ ಹಿಗ್ಗೋ ಹಿಗ್ಗು.

ಆ ಹಿಂಡಿನ ಯಜಮಾನಗ ಗೌಡ ಅಂತ ಹೆಸರಿಟ್ಟವ ಕಾಕಾನೇ. ಮಸಿಯಂಥಾ ಬೆನ್ನು, ನಾಕು ಸುತ್ತಿನ ಕೋಡು. ಒಮ್ಮೆ ನಮ್ಮ ಕಣ್ಣ ಮುಂದೇ ಇನ್ನೊಂದು ಗಂಡಿನ ಕೂಡ ಕಾದಾಡಿ ಎಡಗಿವಿ ಹರಕೊಂಡಿತ್ತು, ಬಲಗೋಡಿನ ತುದಿ ಒಂದು ಬೆರಳು ಮುರದಿತ್ತು. ಆದ್ರೂ ಗೆದ್ದದ್ದು ಅದೇ. ಗೌಡ ಇನ್ನ ಹರೇದಾಗಿದ್ದ. ಕಾಯದೆ ಇರದಿದ್ರೂ ಅಪ್ಪನ ಲೆಕ್ಕದಾಗ ಅವನ ಮ್ಯಾಲ ಗುಂಡು ಹಾರೋ ಹಂಗಿರಲಿಲ್ಲ.

ಬಿ.ಎ. ಮುಗೀತಿದ್ದಂಗ ನನ್ನ ನೋಡಾಕ ಬಂದ್ರು. ಸೊಲ್ಲಾಪುರದವರೇ, ನೂಲಿನ ದೊಡ್ಡ ವ್ಯಾಪಾರ. ಹುಡುಗ ಸೌಮ್ಯ ಇದ್ದ, ಮುಂದ ಮಾವ ಆದವರು ಮಾತಿನ ಮಲ್ಲ. ಮಾಳಿಗಿ ಮ್ಯಾಲ ಹೋಗಿ ಗ್ವಾಡಿ ಮ್ಯಾಲಿನ ಕೋಡೆಲ್ಲಾ ನೋಡಿದ್ರು. "ಬರೇ ಕೋಡು ಅವಲ್ರಿ ಸಾವಕಾರ್ರ, ತಲಿ ಎಲ್ಲಿ? ನಮ್ಮ ದಿವಾಣಖಾನಿ ಗ್ವಾಡಿ ಬಣಬಣ ಅನ್ನಾಕತ್ಯಾದ" ಅಂದ್ರು. ಎಲ್ಲಾರೂ ನಕ್ಕರು. ನಾ ಅವಲಕ್ಕಿ ತಾಟು ಹಿಡಕೊಂಡು ನಿಂತಾಕಿ, ನಾನೂ ನಕ್ಕೆ.

ಲಗ್ನ ಗೊತ್ತಾತು. ಪತ್ರಿಕಿ ಅಚ್ಚಾಗಿ ಬಂದ್ವು. ಒಂದು ಬುಧವಾರ ಅಪ್ಪ "ಮೊದಲ ಪತ್ರಿಕಿ ಅಕ್ಕಲಕೋಟದಾಗ ದೇವರ ಮುಂದಿಟ್ಟು ಬರತೀನಿ" ಅಂತ ಒಬ್ಬನೇ ಹ್ವಾದ. ಮರುದಿನ ಬಂದ. ಪ್ರಸಾದ ತಂದಿದ್ದ, ಪೇಢೆ. ನನ್ನ ಬಾಯಾಗ ತಾನೇ ಹಾಕಿದ. ನಾನೂ ಬಾಯಿ ಚಪ್ಪರಿಸಿ ತಿಂದೆ.

ಶನಿವಾರ ಇಬ್ಬರೂ ಹೊಲಕ್ಕ ಹೋದ್ವಿ. ಹಿಂಡು ಚದರಿತ್ತು. ಗಾಡಿ ಕಂಡ ಕೂಡಲೇ ಹೆಣ್ಣೆಲ್ಲಾ ಬಾಲ ಎತ್ತಿ ಜಿಗದು ಓಡಿದ್ವು. ಮೊದಲ ತಿಂಗಳಿಗಿಂತ ದೂರ ಹೋಗಿ ನಿಂತ್ವು. ಗೌಡ ಇಲ್ಲ. ನಾ ಗಾಡಿ ಇಳದು ಹುಲ್ಲಿನಾಗ ತಿರಗಿ ತಿರಗಿ ನೋಡಿದೆ. ಒಂದು ಕಡೆ ಹುಲ್ಲಿಗಿ ರಕ್ತ ಒಣಗಿ ಹತ್ತಿತ್ತು. ಅದರ ಬಾಜುಕ ಗಾಡಿ ಗಾಲಿ ಗುರುತು. ದಿನದ ದಾರಿ ಬಿಟ್ಟು ಅಲ್ಲಿತನ ಬಂದು, ಅಲ್ಲೇ ಹೊಳ್ಳಿ ಹೋದ ಗುರುತು. ಆ ಕುರಣದಾಗ ಗಾಡಿ ಒಂದೇ, ಗಾಡಿ ಹೊಡಿಯೋನೂ ಒಬ್ಬನೇ.

"ಕಾಕಾ, ಏನಿದು?" ಅಂದೆ. ಕಾಕಾ ಎತ್ತಿನ ಕೊಳ್ಳಾಗಿನ ಹಗ್ಗ ಸರಿ ಮಾಡಾಕ ಹತ್ತಿದ. ಮತ್ತ ಕೇಳಿದೆ. ಕಟ್ಟಿದ ಗಂಟೇ ಬಿಚ್ಚಿ ಮತ್ತ ಕಟ್ಟಿದ.

ನನ್ನ ಸಿಟ್ಟು ನಿಮಗ ಗೊತ್ತಿಲ್ಲ. ಅವ್ವ ನನಗ ಫಟಾಕ್ಷಿ ಅಂತಿದ್ದಳು. ಮನ್ಯಾಗ ಕೇಳಿ ಮುಗಿಸೋ ಮಾತು ನಾ ಊರ ನಡುವ ಒಯ್ದೆ. ಹನುಮಪ್ಪನ ಗುಡಿ ಕಟ್ಟಿ ಮ್ಯಾಲ ಸಂಜಿಮುಂದ ಊರ ಗಂಡಸರೆಲ್ಲಾ ಕುಂತಿದ್ರು. ಅವರೆಲ್ಲಾರ ಮುಂದ, ಜೀವಮಾನದಾಗ ಮೊದಲನೇ ಸಲ ಕಾಕಾಗ ನೀ ಅಂದೆ. "ಯಾರಿಗಿ ಮಾರಿದಿ ಹೇಳು! ಉಂಡ ಮನಿ ಜಂತಿ ಎಣಿಸಿದ್ಯಲ್ಲಾ! ನಂಬಿ ನಿಂತ ಜೀವ ಅದು. ನಿನ್ನ ಗಾಡಿ ಅಂತ ನಿಂತಿತ್ತು. ಕಳ್ಳ! ಚಿಗರಿ ಕಳ್ಳ!"

ಕಾಕಾ ನನ್ನ ನೋಡಲಿಲ್ಲ. ಕಟ್ಟಿ ತುದಿಗಿ ಕುಂತಿದ್ದ ಅಪ್ಪನ್ನ ನೋಡಿದ. ಅಪ್ಪ ಟೊಪಗಿ ತಗದು ಅದರ ಒಳಗಿನ ಬೆವರು ಒರಸಾಕ ಹತ್ತಿದ್ದ. "ನಾ ಮಾರಿಲ್ರಿ ಅಕ್ಕಾರ" ಅಂದ ಕಾಕಾ. ಅಷ್ಟೇ ಅಂದ. ಕಟ್ಟಿ ಮ್ಯಾಲಿನವರು ಗುಜುಗುಜು ಮಾತಾಡಾಕ ಹತ್ತಿದ್ರು. ಯಾವನೋ ಒಬ್ಬ ಹಿಂದಿನಿಂದ "ಖಾಲಿ ಗಾಡಿ ಯಾಕ ಹೊಡಿತಾನ ಅಂತ ಈಗ ತಿಳೀತು" ಅಂದ.

ಅಪ್ಪ ಎದ್ದು ನಿಂತು ಕೆಮ್ಮಿದ. "ಪೊಲೀಸು ಗಿಲೀಸು ಏನೂ ಬ್ಯಾಡ. ಬಡವ ಅದಾನ, ಬಿಟ್ಟು ಬಿಡೂಣು. ನಾಳಿಯಿಂದ ನೀ ಬರಬ್ಯಾಡಪ್ಪಾ" ಅಂದ. ಹೊಳ್ಳಿ ಬರುವಾಗ ಬಸ್ಸಿನಾಗ ನಾ ಅಪ್ಪನ ಭುಜಕ್ಕ ತಲಿ ಇಟ್ಟು ಅತ್ತೆ. ಕಳ್ಳನ್ನೂ ಮಾಫ್ ಮಾಡಿದ ನಮ್ಮಪ್ಪಂದು ಎಂಥಾ ಮನಸು ಅನಕೋತ ಅತ್ತೆ.

ಲಗ್ನ ಆತು. ಗಂಡ ಚಲೋ ಮನಷ್ಯಾ. ಅತ್ತಿ ಬಾಯಿ ಜೋರು, ಆದ್ರ ಹೊಟ್ಟ್ಯಾಗ ಇಟಗೊಳ್ಳೋಳು ಅಲ್ಲ. ನನಗ ಏನೂ ಕಮ್ಮಿ ಇದ್ದಿದ್ದಿಲ್ಲ. ಏಳೆಂಟು ತಿಂಗಳಾದ ಮ್ಯಾಲ ಒಂದು ಮುಂಜಾನಿ ರೈಲ್ವೆ ಪಾರ್ಸಲದಾಗ ದೊಡ್ಡದೊಂದು ಕಟಗಿ ಪೆಟಿಗಿ ಬಂತು. ಮಾವ ಸಣ್ಣ ಹುಡುಗರ ಹಂಗ ಕುಣದಾಡಿದ್ರು. ಮೊಳಿ ಕಿತ್ತಿ, ಒಳಗಿನ ಹುಲ್ಲು ಸರಿಸಿ, "ಬಾರವ್ವಾ ಸೊಸಿ, ನೋಡು. ನಿಮ್ಮಪ್ಪ ಕೊಟ್ಟ ಆಹೇರ. ಕೊಳಿಲಾರದಂಗ ಮಸಾಲಿ ತುಂಬಿಸಿ ಬರೂದಕ್ಕ ಇಷ್ಟು ದಿನ ಹಿಡೀತು" ಅಂದ್ರು.

ಎಡಗಿವಿ ಹರದಿತ್ತು. ಬಲಗೋಡಿನ ತುದಿ ಒಂದು ಬೆರಳು ಇದ್ದಿದ್ದಿಲ್ಲ. ಕಣ್ಣಿಗಿ ಗಾಜಿನ ಗೋಲಿ ಹಾಕಿದ್ರು. ನಾ ಅಲ್ಲೇ ಕುಂತೆ. ಅತ್ತಿ ನನ್ನ ಮಾರಿ ನೋಡಿ, ಬಸುರಿ ಇದ್ದೀನಿ ಅಂತ ತಿಳದು, ನಿಂಬಿಹಣ್ಣಿನ ಶರಬತ್ತು ತಂದ್ಲು. ಮಾವ ಅದನ್ನ ದಿವಾಣಖಾನ್ಯಾಗ ಹಾಕಸಿದ್ರು. ಬಂದವರಿಗೆಲ್ಲಾ "ಕಾಯದೆ ಬರೂಕಿಂತ ಮುಂಚಿಂದು" ಅಂತ ಹೇಳತಿದ್ರು. ಅದರ ಮ್ಯಾಲಿನ ಧೂಳು ಝಾಡಿಸೋ ಕೆಲಸ ಸೊಸಿದು.

ಮರುದಿನ ನಾ ಅಪ್ಪನ ಅಂಗಡಿಗಿ ಹೋದೆ. ಗಿರಾಕಿ ಇದ್ರು. ಇರಲಿ ಅಂತ ಕೇಳಿದೆ. "ಗೌಡನ್ನ ಯಾರು ಹೊಡದ್ರು?"

ಅಪ್ಪ ಗಿರಾಕಿಗಳಿಗಿ ಕೈ ಮುಗದು ಹೊರಗ ಕಳಿಸಿದ. ಬಾಗಲಾ ಅರ್ಧ ಮುಚ್ಚಿದ. ಮಡಿಚಿಟ್ಟ ಚಾದರನೇ ಮತ್ತ ಬಿಚ್ಚಿ ಮತ್ತ ಮಡಚಾಕ ಹತ್ತಿದ.

"ನಾನೇ" ಅಂದ. "ನಿನ್ನ ಮಾವ ಬಾಯಿ ಬಿಟ್ಟು ಕೇಳಿದ್ರು ಯವ್ವಾ. ನಗೋದಲ್ಲ, ಖರೇನೇ ಕೇಳಿದ್ರು. ಆಗಂಗಿಲ್ಲ ಅಂದೆ. ಹಂಗಾದ್ರ ವಿಚಾರ ಮಾಡೂಣು ಅಂದ್ರು. ಪತ್ರಿಕಿ ಅಚ್ಚಾಗಿದ್ವು. ನಾ ಏನ ಮಾಡಲಿ?"

"ಮುದುಕ ಯಾವುದೂ ಸಿಗಲಿಲ್ಲೇನು?"

"ಚಲೋ ತಲಿ ಬೇಕಂದ್ರು. ನಾನೇ ಹೊಡಿತೀನಿ ಅಂತ ನಿಂತಿದ್ರು. ಅವರ ಕೈಗಿ ಬಂದೂಕ ಕೊಟ್ಟಿದ್ರ ಹೊಟ್ಟಿಗಿ ಹತ್ತತಿತ್ತು, ಒದ್ದಾಡಿ ಸಾಯತಿತ್ತು. ಅದಕ್ಕ ನಾನೇ ಹೊಡದೆ. ಒಂದೇ ಗುಂಡು. ಗೊತ್ತೇ ಆಗಿಲ್ಲ ಅದಕ್ಕ."

ಕೇಳ್ರಿ ನೀವು! ಅದರಾಗೂ ತನ್ನ ನೇಮ ಉಳಿಸಿಕೊಂಡೆ ಅಂತ ಹೇಳಾಕತ್ತಿದ್ದ ಪುಣ್ಯಾತ್ಮ.

"ಎಲ್ಲಿ ನಿಂತು ಹೊಡದಿ?" ಅಂದೆ. ಅಪ್ಪ ಚಾದರದ ಅಂಚಿಗಿ ಅಂಚು ಕೂಡಿಸಿದ. ನಾ ಬಿಡಲಿಲ್ಲ. "ಎಲ್ಲಿ ನಿಂತು ಅಂತ ಕೇಳಾಕತ್ತೀನಿ."

"ಗಾಡಿ ಹಿಂದ" ಅಂದ. "ಬ್ಯಾರೆ ದಾರಿ ಇರಲಿಲ್ಲ. ನಿನ್ನ ಕಾಕಾಗ ನಾನೇ ಹೇಳಿದ್ದೆ, ಮಗಳಿಗಿ ಗೊತ್ತಾಗಬಾರದು, ಗೊತ್ತಾದ್ರ ಈ ಲಗ್ನ ಒಲ್ಲೆ ಅಂತಾಳ ಅಂತ. ಅಂವ ತನ್ನ ಮಾತು ಉಳಿಸಿಕೊಂಡ."

ಉಳಿಸಿಕೊಂಡ! ಕಟ್ಟಿ ಮ್ಯಾಲ ಎಲ್ಲಾರ ಮುಂದ ನಾ ಅವನ್ನ ಕಳ್ಳ ಅಂದೆ. ಈ ಮನಷ್ಯಾ ಬಾಜುಕ ಕುಂತು ಟೊಪಗಿ ಒರಸಿದ. ಮ್ಯಾಲ ಮಾಫ್ ಬ್ಯಾರೆ ಮಾಡಿದ. ಆ ಹೊತ್ತು ಏನೇನು ಬೈದೆನೋ ನೆನಪಿಲ್ಲ. ಒಂದು ನೆನಪದ: "ನೀ ಗೌಡನ್ನ ಹೊಡದದ್ದು ಒಂದು ಪಾಲು, ನನ್ನ ಬಾಯಿಲೆ ಕಾಕಾನ್ನ ಹೊಡಸಿದಿ ನೋಡು, ಅದು ಹತ್ತು ಪಾಲು" ಅಂದೆ. ಅಪ್ಪ ಚಾದರ ಮಡಚೋದು ಬಿಡಲಿಲ್ಲ. ನಾ ಹೊಂಟು ನಿಂತಾಗ "ನೀ ಸುಖದಾಗ ಅದಿ ಇಲ್ಲೋ?" ಅಂತ ಕೇಳಿದ. ನಾ ಅರ್ಧ ಮುಚ್ಚಿದ ಬಾಗಲಾ ದೂಡಿ ಬಂದುಬಿಟ್ಟೆ.

ಕಾಕಾ ಊರು ಬಿಟ್ಟು ಹನ್ನೂರಿನಾಗ ತಂಗಿ ಮನ್ಯಾಗ ಅದಾನ ಅಂತ ತಿಳೀತು. ನಾನೂ ಅಪ್ಪನ ಹಂಗೇ ಅತ್ತಿಗಿ ಅಕ್ಕಲಕೋಟಕ್ಕ ದರ್ಶನಕ್ಕ ಹೋಗತೀನಿ ಅಂತ ಸುಳ್ಳು ಹೇಳಿ ಹನ್ನೂರಿಗಿ ಹೋದೆ. ಬೇವಿನ ಗಿಡದ ಬುಡಕ ಕುಂತು ಹಗ್ಗ ಹೊಸಿಯಾಕ ಹತ್ತಿದ್ದ. ನನ್ನ ನೋಡಿ ಎದ್ದ. "ಬರ್ರಿ ಅಕ್ಕಾರ, ಕುಂದರ್ರಿ" ಅಂತ ಕಂಬಳಿ ಹಾಸಿದ. ನಾ ಕಾಲ ಮುಟ್ಟಾಕ ಹೋದ್ರ ಹಿಂದ ಸರದ.

"ಸಾವಕಾರ್ರಿಗಿ ನಾನೂ ಒಲ್ಲೆ ಅಂದಿದ್ದೆರಿ" ಅಂದ ಕಾಕಾ. "ಮಗಳ ಲಗ್ನ ಮುರದು ಹೋಗತದ ಅಂದ್ರು. ನಿಮ್ಮ ಲಗ್ನ ಅಂದ ಮ್ಯಾಲ ನಾ ಏನ ಅನ್ನಬೇಕು? ಗಾಡಿ ಹೊಡದೆ. ಗೌಡ ಒಮ್ಮೆ ಮಾರಿ ಎತ್ತಿ ನೋಡಿತ್ರಿ. ನಮ್ಮ ಗಾಡಿನೇ ಅಂತ ಮತ್ತ ಮೇಯಾಕ ಹತ್ತಿತು."

ನಾ ಅಳಾಕ ಹತ್ತಿದೆ. ಅಂವ ಅಳಲಿಲ್ಲ. ಸಿಟ್ಟೂ ಮಾಡಲಿಲ್ಲ. ಯಾರೂ ಅವನ್ನ ಕಾವಲಿಗಿ ಇಟಗೊಳ್ಳಂಗಿಲ್ಲ ಅಂದ. ಮಗಗ ಕನ್ಯಾ ನೋಡಾಕ ಹೋದ್ರ ಆ ಮಾತು ಅವನಕಿಂತ ಮುಂಚೇನೇ ಆ ಊರಿಗಿ ಹೋಗಿ ಕುಂತಿರತದಂತ. ಏನ ಬೇಕು ಕೇಳ್ರಿ ಕಾಕಾ, ಏನ ಬೇಕಾದ್ರೂ ಕೊಡತೀನಿ ಅಂದೆ.

"ಏನೂ ಬ್ಯಾಡ್ರಿ" ಅಂದ. "ಎಲ್ಲಿ ಅಂದ್ರಿ, ಅಲ್ಲೇ ಬಂದು ಒಮ್ಮೆ ಅನ್ರಿ. ಇಂವ ಕಳ್ಳ ಅಲ್ಲ ಅಂತ. ಅಷ್ಟೇ."

ಅಷ್ಟೇ. ಕಟ್ಟಿ ಮ್ಯಾಲ ನಿಂತು ಒಂದು ಮಾತು. ಆದ್ರ ಅಂವ ಅಲ್ಲ ಅಂದ್ರ ಮತ್ತ ಯಾರು ಅಂತ ಕೇಳತಾರ. ಅಪ್ಪನ ಹೆಸರು ಬರತದ, ಕಾಯದೆ ಬರತದ, ಕೋರ್ಟು ಬರತದ, ಮಾವನ ದಿವಾಣಖಾನಿಗಿ ಪೊಲೀಸರು ಬರತಾರ. ಇದೆಲ್ಲಾ ಕಂಬಳಿ ಮ್ಯಾಲ ಕುಂತಲ್ಲೇ ನನ್ನ ತಲ್ಯಾಗ ಹಾದು ಹೋತು. ಊರ ಮುಂದ ಹುಲಿ ಹಂಗ ಒದರಿದಾಕಿ, ಈಗ ಕಂಬಳಿ ಎಳಿ ಕೀಳಕೋತ ಕುಂತೆ. "ಅಪ್ಪ ಇರೋತನ ತಡೀರಿ ಕಾಕಾ" ಅಂದೆ.

ಕಾಕಾ ಹಗ್ಗ ಮತ್ತ ಕೈಯಾಗ ತಗೊಂಡ. "ಆತ್ರಿ. ಸಾವಕಾರ್ರು ನೂರು ವರ್ಷ ಬದಕಲಿ" ಅಂದ. ತಂಗಿ ಚಾ ತಂದ್ಲು. ಕುಡದು ಎದ್ದೆ.

ಅಪ್ಪ ನೂರು ವರ್ಷ ಬದಕಲಿಲ್ಲ, ಆದ್ರ ಕಾಕಾ ಸತ್ತ ಮ್ಯಾಲೂ ಹದಿಮೂರು ವರ್ಷ ಬದಕಿದ. ನಮ್ಮ ನಡುವ ಮಾತು ಇತ್ತು, ಹಬ್ಬ ಹುಣ್ಣಿಮಿ ಇತ್ತು. ಆದ್ರ ಅವತ್ತಿನಿಂದ ಅಪ್ಪ ಏನ ಕೊಟ್ರೂ ನಾ ಅವನ ಕೈಲೆ ತಿನ್ನಲಿಲ್ಲ. ತಾಟಿನಾಗ ಇಡು ಅಂತಿದ್ದೆ.

ಅಪ್ಪನ ದಿನಕರ್ಮ ಎಲ್ಲಾ ಮುಗಿದ ಮ್ಯಾಲ ನಾ ಆ ಊರಿಗಿ ಹೋದೆ. ಕುರಣ ಎಂದೋ ಮಾರಿ ಕಬ್ಬು ಆಗಿತ್ತು. ಹನುಮಪ್ಪನ ಕಟ್ಟಿಗಿ ಟಾಯಿಲ್ಸ್ ಹಾಕಿದ್ರು. ಕುಂತವರಾಗ ಒಬ್ಬನ್ನೂ ನಾ ಗುರುತು ಹಿಡೀಲಿಲ್ಲ. ಎದುರಿನ ಚಾ ಅಂಗಡಿಯವಗ ಕಾಕಾನ ಹೆಸರು ಹೇಳಿ, ಅವರ ಮನಿತನದವರು ಯಾರರೆ ಅದಾರೇನು ಅಂತ ಕೇಳಿದೆ. ಅಂವ ಸ್ವಲ್ಪ ವಿಚಾರ ಮಾಡಿ, "ಹಾಂ, ಚಿಗರಿಕಳ್ಳರ ಮನ್ಯಾವರಾ? ಹೊಳ್ಳಿ ಇಲ್ಲೇ ಬಂದಾರಲ್ರಿ, ಮೊಮ್ಮಗ ಬೋರಿನ ಮೋಟಾರ ರಿಪೇರಿ ಮಾಡತಾನ. ಚಿಗರಿಕಳ್ಳರ ಮನಿ ಅಂದ್ರ ಯಾರ ಬೇಕಾದ್ರೂ ತೋರಸತಾರ" ಅಂದ. ಬೈಗಳದ ಹಂಗ ಅನ್ನಲಿಲ್ಲ ಅಂವ. ಮನಿತನದ ಅಡ್ಡಹೆಸರು ಹೇಳಿದಂಗ ಹೇಳಿದ.

ಕಟ್ಟಿ ಹತ್ತು ಹೆಜ್ಜಿ ದೂರ ಇತ್ತು. ಏಳೆಂಟು ಮಂದಿ ಕುಂತಿದ್ರು. ನಾ ಹೋಗಿ ನಿಂತು ಏನಂತ ಹೇಳಲಿ? ಸತ್ತು ಇನ್ನ ತಿಂಗಳಾಗಿಲ್ಲ, ನಮ್ಮಪ್ಪ ಕಳ್ಳ ಅಂತ ಹೇಳಲಿ? ಚಾ ಮುಗಿಸಿ ಬಂದ ಬಸ್ಸಿಗಿ ಹತ್ತಿದೆ.

ಈಗ ಬರದೀನಿ. ಕನ್ನಡ ಓದೋರು ನಮ್ಮ ಸೊಲ್ಲಾಪುರದಾಗ ಕಮ್ಮಿ ಆಗ್ಯಾರ. ಆದ್ರೂ ಒಬ್ಬರರೆ ಓದತಾರ, ಆ ಊರಿಗಿ ಸುದ್ದಿ ಮುಟ್ಟತದ ಅಂತ ಕುಂತು ಬರದೆ. ಮೊದಲು ಬರದಾಗ ಕಾಕಾನ ಹೆಸರು, ಖರೇ ಮನಿತನದ ಹೆಸರು, ಊರು ಎಲ್ಲಾ ಹಾಕಿದ್ದೆ. ಆಮ್ಯಾಲ ಓದಿ ನೋಡಿದೆ. ಅವನ ಹೆಸರು ಇದ್ರ ಅವನ ಸಾವಕಾರ ಯಾರಂತ ಆ ಊರಾಗ ಎಲ್ಲಾರಿಗೂ ಗೊತ್ತಾಗತದ. ಊರಿನ ಹೆಸರು ತಗದೆ, ಆಮ್ಯಾಲ ಒಂದೊಂದು ಕಡೆ ಹುಡುಕಿ ಹುಡುಕಿ ಅವನ ಹೆಸರು ಅಳಿಸಿದೆ.